ಪ್ರಾಣಿಗಳ ಜೀವಿತಾವಧಿ

ಪ್ರಾಣಿಗಳ ಜೀವಿತಾವಧಿ ಎಂದರೆ ಒಂದು ಪ್ರಾಣಿಯು ಹುಟ್ಟಿನಿಂದ ಸಾವಿನವರೆಗೆ ಬದುಕಿರುವ ಕಾಲ. ಈ ಕಾಲವು ಪ್ರಭೇದದಿಂದ ಪ್ರಭೇದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಇಲಿ ಒಂದೆರಡು ವರ್ಷಗಳಲ್ಲಿ ಸಾಯುತ್ತದೆ, ಆನೆ ಅರವತ್ತು ದಾಟುತ್ತದೆ, ಬೋಹೆಡ್ ತಿಮಿಂಗಿಲ ಇನ್ನೂರು ವರ್ಷಗಳ ಆಸುಪಾಸಿನವರೆಗೆ ಬದುಕಬಲ್ಲದು. ದೇಹದ ಗಾತ್ರ, ಚಯಾಪಚಯ ಕ್ರಿಯೆಯ ವೇಗ, ಜೀವಕೋಶಗಳ ದುರಸ್ತಿ ಸಾಮರ್ಥ್ಯ, ಸಂತಾನೋತ್ಪತ್ತಿಯ ಕ್ರಮ ಇವೆಲ್ಲವೂ ಈ ವ್ಯತ್ಯಾಸಕ್ಕೆ ಸಂಬಂಧಿಸಿವೆ. ಆದರೆ ಇವುಗಳ ಹಿಂದಿರುವ ಮೂಲ ಕಾರಣವು, ಆಯಾ ಪ್ರಭೇದದ ಪೂರ್ವಜರು ಹೊರಗಿನ ಅಪಾಯಗಳಿಂದ ಎಷ್ಟು ಬೇಗ ಸಾಯುತ್ತಿದ್ದರು ಎಂಬುದರಲ್ಲಿದೆ ಎಂಬುದು ಇಂದಿನ ಬಹುಪಾಲು ಜೀವವಿಜ್ಞಾನಿಗಳ ಅಭಿಪ್ರಾಯ.

ಒಂದೇ ಕಾಡಿನ ಭಿನ್ನ ಆಯಸ್ಸುಗಳು

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯು ಮೈಸೂರು–ಮಾನಂದವಾಡಿ ರಸ್ತೆಯಲ್ಲಿರುವ ಹೋಬಳಿ ಕೇಂದ್ರ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ವಲಯಗಳಲ್ಲಿ ಒಂದಕ್ಕೆ ಇದೇ ಊರಿನ ಹೆಸರಿದೆ. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬಯಲಾಗುವ ನೆಲದಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಅದನ್ನು ಅರಸಿ ನೂರಾರು ಆನೆಗಳು ಅಲ್ಲಿ ಸೇರುತ್ತವೆ.

ಈ ಕಾಡಿನ ಪ್ರಾಣಿಗಳಿಗೆಲ್ಲ ಮಳೆ ಒಂದೇ, ನೀರು ಒಂದೇ, ಬೇಸಿಗೆಯ ಬಿಸಿಲೂ ಒಂದೇ. ಆದರೂ ಆಯಸ್ಸು ಒಂದೇ ಅಲ್ಲ. ಏಷ್ಯಾದ ಆನೆ ಕಾಡಿನಲ್ಲಿ 60ರಿಂದ 70 ವರ್ಷಗಳವರೆಗೆ ಬದುಕಬಲ್ಲದು. ಕಾಟಿಯ ಆಯಸ್ಸಿನ ಮೇಲಿನ ಮಿತಿ ಸುಮಾರು 30 ವರ್ಷ, ಜಿಂಕೆಯದು 20ರ ಆಸುಪಾಸು. ಕಾಡಿನ ಹುಲಿಗೆ 10ರಿಂದ 15 ವರ್ಷವಾದರೆ ಅದು ಮುದಿ ಹುಲಿ. ಮೃಗಾಲಯದಲ್ಲಿ ಅದು 20 ವರ್ಷ ತಲುಪುವುದುಂಟು. ಸೀಳುನಾಯಿ ಕಾಡಿನಲ್ಲಿ ಸುಮಾರು 10 ವರ್ಷ, ಸಾಕಿದಲ್ಲಿ 16 ವರ್ಷದವರೆಗೆ ಬದುಕಿದೆ. ಇಲಿಗಳಲ್ಲಿ ಹೆಚ್ಚಿನವು ಹೊರಗಡೆ ಒಂದು ವರ್ಷವನ್ನೂ ಪೂರೈಸುವುದಿಲ್ಲ.

ಇಲ್ಲಿ ಎರಡು ಅಳತೆಗಳನ್ನು ಬೇರೆಯಾಗಿ ನೋಡಬೇಕು. ಗರಿಷ್ಠ ಜೀವಿತಾವಧಿ ಎಂದರೆ ಆ ಪ್ರಭೇದದ ಒಂದು ಪ್ರಾಣಿಯಾದರೂ ಬದುಕಿದ ಅತಿ ದೀರ್ಘ ಕಾಲ. ಸರಾಸರಿ ಜೀವಿತಾವಧಿಯಲ್ಲಿ ಎಳವೆಯಲ್ಲೇ ಸತ್ತವುಗಳೂ ಲೆಕ್ಕಕ್ಕೆ ಬರುತ್ತವೆ. ಎಷ್ಟು ಹೆಚ್ಚು ಪ್ರಾಣಿಗಳ ವಯಸ್ಸು ದಾಖಲಾಗಿದೆಯೋ ಅಷ್ಟು ದೊಡ್ಡ ಗರಿಷ್ಠ ಸಂಖ್ಯೆ ಸಿಗುವ ಸಾಧ್ಯತೆಯಿರುವುದರಿಂದ, ಹೆಚ್ಚು ಅಧ್ಯಯನಕ್ಕೊಳಗಾದ ಪ್ರಭೇದಗಳು ನಿಜಕ್ಕಿಂತ ದೀರ್ಘಾಯುಗಳಂತೆ ಕಾಣುವುದೂ ಉಂಟು.

ವಯಸ್ಸನ್ನು ಗುರುತಿಸುವುದೂ ಸುಲಭವಲ್ಲ. ಹಿಂದೆ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ಹಿಡಿದ ಆನೆಗಳ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಭುಜದ ಎತ್ತರ, ಕಿವಿಯ ಅಂಚಿನ ಮಡಿಕೆ, ಹಲ್ಲಿನ ಸವೆತ ಇವುಗಳಿಂದ ವಯಸ್ಸನ್ನು ಅಂದಾಜಿಸಲಾಗುತ್ತಿತ್ತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಹೀಗೆ ಹಿಡಿದ ಆನೆಗಳ ವಿಷಯದಲ್ಲಿ ಪತ್ರಿಕೆಗಳಲ್ಲಿ ಕಾಣುವ ವಯಸ್ಸನ್ನು ಒಂದೆರಡು ವರ್ಷ ಹಿಂದುಮುಂದಾಗಿ ಓದಿಕೊಳ್ಳುವುದು ಸರಿ. ಹುಟ್ಟಿನ ಅಂದಾಜು ಗಟ್ಟಿಯಾಗಿರುವ ಏಷ್ಯಾದ ಆನೆಗಳಲ್ಲಿ ತೈಪೆ ಮೃಗಾಲಯದ ಲಿನ್ ವಾಂಗ್ ಪ್ರಸಿದ್ಧ. ಅದು 2003ರಲ್ಲಿ 86ನೆಯ ವಯಸ್ಸಿನಲ್ಲಿ ಸತ್ತಿತು.

ಗಾತ್ರ ಮತ್ತು ಚಯಾಪಚಯ

ದೊಡ್ಡ ದೇಹದ ಪ್ರಾಣಿಗಳು ಹೆಚ್ಚು ಕಾಲ ಬದುಕುತ್ತವೆ ಎಂಬುದು ಹಳೆಯ ಗಮನಿಕೆ. ಜರ್ಮನಿಯ ಮ್ಯಾಕ್ಸ್ ರೂಬ್ನರ್ 1908ರಲ್ಲಿ, ಸಾಕುಪ್ರಾಣಿಗಳ ಪ್ರತಿ ಗ್ರಾಂ ದೇಹವು ಜೀವಮಾನದಲ್ಲಿ ಬಳಸುವ ಶಕ್ತಿ ಹೆಚ್ಚುಕಡಿಮೆ ಒಂದೇ ಎಂದು ತೋರಿಸಲು ಪ್ರಯತ್ನಿಸಿದನು. 1928ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಇದನ್ನು ‘ಬದುಕಿನ ವೇಗ’ದ ಸಿದ್ಧಾಂತವಾಗಿ ಬೆಳೆಸಿದನು. ವೇಗವಾಗಿ ಉರಿಯುವ ದೀಪದ ಎಣ್ಣೆ ಬೇಗ ಮುಗಿಯುತ್ತದೆ ಎಂಬುದೇ ಇದರ ತಿರುಳು.

ಎದೆಬಡಿತದ ಲೆಕ್ಕವು ಇದಕ್ಕೆ ಪೂರಕವಾಗಿ ಕಾಣುತ್ತದೆ. ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ. ಮೂರು ವರ್ಷಗಳಲ್ಲಿ ಅದು ಸುಮಾರು 95 ಕೋಟಿ ಬಡಿತ. ಆನೆಯ ಹೃದಯ ನಿಮಿಷಕ್ಕೆ ಸುಮಾರು 30 ಸಲ ಬಡಿಯುತ್ತದೆ. 65 ವರ್ಷಗಳಲ್ಲಿ ಅದು ಸುಮಾರು 102 ಕೋಟಿ. ಎರಡೂ ನೂರು ಕೋಟಿಯ ಆಸುಪಾಸಿನಲ್ಲೇ ನಿಲ್ಲುತ್ತವೆ.

ಲೆಕ್ಕ ಮೋಹಕವಾಗಿದೆ, ಆದರೆ ಸಿದ್ಧಾಂತವಾಗಿ ನಿಲ್ಲುವುದಿಲ್ಲ. ನಿಮಿಷಕ್ಕೆ 70 ಬಡಿತದಂತೆ 70 ವರ್ಷ ಬದುಕುವ ಮನುಷ್ಯನ ಲೆಕ್ಕ 250 ಕೋಟಿಯನ್ನು ಮೀರುತ್ತದೆ. ಹಕ್ಕಿಗಳ ಚಯಾಪಚಯ ಅದೇ ಗಾತ್ರದ ಸಸ್ತನಿಗಳಿಗಿಂತ ವೇಗವಾದದ್ದು, ಆದರೂ ಅವು ಹೆಚ್ಚು ಕಾಲ ಬದುಕುತ್ತವೆ. ಬಾವಲಿಗಳ ಉದಾಹರಣೆ ಇನ್ನೂ ಸ್ಪಷ್ಟ: ಸೈಬೀರಿಯಾದಲ್ಲಿ ಗುರುತಿನ ಬಳೆ ತೊಡಿಸಿದ್ದ, ಸುಮಾರು 7 ಗ್ರಾಂ ತೂಕದ ಬ್ರಾಂಟ್ ಬಾವಲಿಯೊಂದು 41 ವರ್ಷಗಳ ಬಳಿಕ ಜೀವಂತವಾಗಿ ಸಿಕ್ಕಿತು. ಅದು ಹುಲಿಯ ಆಯಸ್ಸಿಗಿಂತ ಎರಡು ಪಟ್ಟು ಹೆಚ್ಚು. ಒಂದೇ ಪ್ರಭೇದದೊಳಗೆ ನೋಡಿದರೆ ಗಾತ್ರದ ನಿಯಮ ತಿರುಗುಮುರುಗೂ ಆಗುತ್ತದೆ. ನಾಯಿಗಳಲ್ಲಿ ಗ್ರೇಟ್ ಡೇನ್‌ನಂತಹ ದೈತ್ಯ ತಳಿಗಳು 7–8 ವರ್ಷಕ್ಕೆ ಸಾಯುತ್ತವೆ, ಸಣ್ಣ ತಳಿಗಳು 12–15 ವರ್ಷ ಬದುಕುತ್ತವೆ.

ಹೀಗಾಗಿ ಗಾತ್ರವು ಕಾರಣವಲ್ಲ, ಬೇರೊಂದು ಕಾರಣದ ಗುರುತು ಎಂದು ತಿಳಿಯುವುದು ಹೆಚ್ಚು ಸೂಕ್ತ. ಬೆಳೆದ ಆನೆಯನ್ನು ಕೊಲ್ಲಬಲ್ಲ ಬೇಟೆಗಾರ ಪ್ರಾಣಿ ಈ ಕಾಡಿನಲ್ಲಿಲ್ಲ. ಹುಲಿ ಹಿಡಿಯುವುದು ಮರಿಯಾನೆಗಳನ್ನು, ಅದೂ ಅಪರೂಪವಾಗಿ. ಇಲಿಯನ್ನಾದರೋ ಗೂಬೆ, ಹಾವು, ಮುಂಗುಸಿ, ಕಾಡುಬೆಕ್ಕು ಎಲ್ಲವೂ ತಿನ್ನುತ್ತವೆ.

ವಿಕಾಸವಾದದ ವಿವರಣೆ

ಬ್ರಿಟನ್ನಿನ ಪೀಟರ್ ಮೆಡಾವರ್ 1952ರಲ್ಲಿ ಪ್ರಕಟವಾದ ತನ್ನ ಉಪನ್ಯಾಸದಲ್ಲಿ ಇದನ್ನು ಪ್ರಯೋಗಾಲಯದ ಗಾಜಿನ ನಳಿಕೆಗಳ ದೃಷ್ಟಾಂತದಿಂದ ವಿವರಿಸಿದನು. ನಳಿಕೆಗಳಿಗೆ ಮುಪ್ಪಿಲ್ಲ, ಆದರೂ ಕೈತಪ್ಪಿ ಬಿದ್ದು ಒಡೆಯುತ್ತವೆ. ಪ್ರತಿ ತಿಂಗಳೂ ಒಂದಷ್ಟು ಒಡೆದು ಅವುಗಳ ಜಾಗಕ್ಕೆ ಹೊಸವು ಬರುತ್ತಿದ್ದರೆ, ಕೆಲಕಾಲದ ನಂತರ ಕಪಾಟಿನಲ್ಲಿ ಹಳೆಯ ನಳಿಕೆಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿರುತ್ತವೆ. ಪ್ರಾಣಿಗಳಲ್ಲಿಯೂ ಹೀಗೆಯೇ. ಮುಪ್ಪು ಎಂಬುದೇ ಇಲ್ಲದಿದ್ದರೂ ಬೇಟೆ, ರೋಗ, ಬರ, ಅಪಘಾತಗಳಿಂದ ಹೆಚ್ಚಿನವು ಎಳೆಯ ವಯಸ್ಸಿನಲ್ಲೇ ಸಾಯುತ್ತವೆ. ತಡವಾಗಿ ಕೇಡು ಮಾಡುವ ಜೀನ್‌ಗಳು ತಮ್ಮ ಪರಿಣಾಮ ತೋರುವ ಹೊತ್ತಿಗೆ ಅವನ್ನು ಹೊತ್ತ ಪ್ರಾಣಿ ಸತ್ತೇ ಹೋಗಿರುತ್ತದೆ. ಅದಕ್ಕೆ ಮುಂಚೆಯೇ ಮರಿ ಹಾಕಿದ್ದರೆ ಆ ಜೀನ್ ಮುಂದಿನ ಪೀಳಿಗೆಗೂ ಸಾಗಿರುತ್ತದೆ. ನೈಸರ್ಗಿಕ ಆಯ್ಕೆಗೆ ಅಂತಹ ಜೀನ್‌ಗಳನ್ನು ತೆಗೆದುಹಾಕುವ ಅವಕಾಶವೇ ಸಿಗುವುದಿಲ್ಲ.

ಜಾರ್ಜ್ ವಿಲಿಯಮ್ಸ್ 1957ರಲ್ಲಿ ಇದಕ್ಕೆ ಮತ್ತೊಂದು ಅಂಶವನ್ನು ಸೇರಿಸಿದನು: ಯೌವನದಲ್ಲಿ ಲಾಭ ತಂದು ಮುಪ್ಪಿನಲ್ಲಿ ನಷ್ಟ ತರುವ ಜೀನ್‌ಗಳನ್ನು ನೈಸರ್ಗಿಕ ಆಯ್ಕೆ ತಡೆಯುವ ಬದಲು ಪೋಷಿಸುತ್ತದೆ. ಥಾಮಸ್ ಕರ್ಕ್‌ವುಡ್ 1977ರಲ್ಲಿ ಇದನ್ನು ಶಕ್ತಿಯ ಹಂಚಿಕೆಯಾಗಿ ನೋಡಿದನು. ತಿಂದ ಆಹಾರದ ಶಕ್ತಿಯನ್ನು ದೇಹದ ದುರಸ್ತಿಗೂ ಮರಿಗಳ ಉತ್ಪತ್ತಿಗೂ ಹಂಚಬೇಕು. ನಾಳೆ ಗೂಬೆಯ ಪಾಲಾಗಬಹುದಾದ ಇಲಿಗೆ ದೇಹವನ್ನು ಹತ್ತು ವರ್ಷ ಬಾಳುವಂತೆ ಕಾಪಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಬೇಗ ಬೆಳೆದು ಹೆಚ್ಚು ಮರಿ ಹಾಕುವುದೇ ಲಾಭ. ಆನೆಯ ಲೆಕ್ಕ ಇದಕ್ಕೆ ವಿರುದ್ಧ.

ಈ ದೃಷ್ಟಿಯಿಂದ ನೋಡಿದಾಗ ಗಾತ್ರದ ನಿಯಮವನ್ನು ಮೀರುವ ಪ್ರಾಣಿಗಳು ಅರ್ಥವಾಗುತ್ತವೆ. ಬಾವಲಿ ಮತ್ತು ಹಕ್ಕಿಗಳು ಹಾರಿ ತಪ್ಪಿಸಿಕೊಳ್ಳುತ್ತವೆ. ಮುಳ್ಳುಹಂದಿಯು ಇಲಿಯಂತೆಯೇ ದಂಶಕ ವರ್ಗಕ್ಕೆ ಸೇರಿದ್ದರೂ ಅದರ ಮೈಯ ಮುಳ್ಳು ಹುಲಿಯನ್ನೂ ಗಾಯಗೊಳಿಸುತ್ತದೆ. ಸಾಕಿದಲ್ಲಿ ಅದು 20 ವರ್ಷ ಮೀರಿ ಬದುಕುತ್ತದೆ. ಮರದ ಮೇಲೆಯೇ ಬಾಳುವ ಕೆಂದಳಿಲಿನ ಆಯಸ್ಸೂ ಸಾಕಿದಲ್ಲಿ 20 ವರ್ಷಗಳ ಹತ್ತಿರಕ್ಕೆ ಹೋಗುತ್ತದೆ. ಪೂರ್ವ ಆಫ್ರಿಕಾದ ನೇಕೆಡ್ ಮೋಲ್ ರ‍್ಯಾಟ್ ಎಂಬ ಕೂದಲಿಲ್ಲದ ಬಿಲವಾಸಿ ದಂಶಕವು ಇಲಿಗಿಂತ ಸ್ವಲ್ಪವೇ ದೊಡ್ಡದು, ಆದರೆ 30 ವರ್ಷಗಳಿಗಿಂತ ಹೆಚ್ಚು ಬದುಕಿದೆ. ಚಿಪ್ಪಿನೊಳಗಿನ ಆಮೆಯದಂತೂ ಬೇರೆಯೇ ಕತೆ. ಮೃಗಾಲಯಗಳ 52 ಪ್ರಭೇದಗಳ ಆಮೆಗಳ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮುಕ್ಕಾಲು ಪಾಲು ಪ್ರಭೇದಗಳಲ್ಲಿ ವಯಸ್ಸಾದಂತೆ ಸಾವಿನ ಸಂಭವ ಬಹಳ ನಿಧಾನವಾಗಿ ಹೆಚ್ಚುತ್ತದೆ ಅಥವಾ ಹೆಚ್ಚುವುದೇ ಇಲ್ಲ ಎಂದು ಕಂಡುಬಂತು.

ಕ್ಷೇತ್ರದಲ್ಲಿ ಇದನ್ನು ಪರೀಕ್ಷಿಸಿದವರಲ್ಲಿ ಸ್ಟೀವನ್ ಆಸ್ಟಡ್ ಮುಖ್ಯ. ಅಮೆರಿಕದ ಜಾರ್ಜಿಯಾ ಕರಾವಳಿಯ ಸಾಪೆಲೊ ದ್ವೀಪದಲ್ಲಿ ಒಪೊಸಮ್ ಎಂಬ ಚೀಲಹೊಟ್ಟೆಯ ಪ್ರಾಣಿಗಳು ಕೆಲವು ಸಾವಿರ ವರ್ಷಗಳಿಂದ ಸಸ್ತನಿ ಬೇಟೆಗಾರರಿಲ್ಲದೆ ಬಾಳಿವೆ. ಮುಖ್ಯ ಭೂಮಿಯ ಒಪೊಸಮ್‌ಗಳಿಗಿಂತ ಅವು ನಿಧಾನವಾಗಿ ಮುದಿಯಾಗುತ್ತವೆ, ಹೆಚ್ಚು ಕಾಲ ಬದುಕುತ್ತವೆ, ಒಂದು ಸೂಲಿಗೆ ಕಡಿಮೆ ಮರಿ ಹಾಕುತ್ತವೆ ಎಂದು ಆತ 1993ರಲ್ಲಿ ವರದಿ ಮಾಡಿದನು. ಎಲ್ಲ ಸಾಕ್ಷ್ಯವೂ ಒಂದೇ ದಿಕ್ಕಿನಲ್ಲಿಲ್ಲ. ಟ್ರಿನಿಡಾಡ್‌ನ ಹೊಳೆಗಳ ಗಪ್ಪಿ ಮೀನುಗಳ ಕುರಿತ 2004ರ ಅಧ್ಯಯನದಲ್ಲಿ, ಬೇಟೆಗಾರ ಮೀನುಗಳಿರುವ ಹೊಳೆಯ ಗಪ್ಪಿಗಳೇ ಹೆಚ್ಚು ಕಾಲ ಬದುಕುವುದು ಕಂಡುಬಂತು. ಹೊರಗಿನ ಸಾವು ದುರ್ಬಲರನ್ನೇ ಆರಿಸಿ ಹೊಡೆದರೆ ಅಥವಾ ಉಳಿದವರಿಗೆ ಮೇವು ಹೆಚ್ಚಿಸಿದರೆ ಫಲಿತಾಂಶ ಬದಲಾಗಬಹುದು ಎಂದು ಇದನ್ನು ವಿವರಿಸಲಾಗಿದೆ.

ಜೇನು ಮತ್ತು ಗೆದ್ದಲು

ಅಂತರಸಂತೆ ಸುತ್ತಿನ ಕಾಡಂಚಿನಲ್ಲಿ ವಾಸಿಸುವ ಜೇನುಕುರುಬ ಸಮುದಾಯದ ಹೆಸರಿನಲ್ಲೇ ಇರುವ ಜೇನು, ಆಯಸ್ಸಿನ ಪ್ರಶ್ನೆಗೆ ಒಂದು ವಿಶೇಷ ಸಾಕ್ಷ್ಯವನ್ನು ಒದಗಿಸುತ್ತದೆ. ಜೇನುಗೂಡಿನ ರಾಣಿಯೂ ಕೆಲಸಗಾರ್ತಿ ನೊಣಗಳೂ ಒಂದೇ ಬಗೆಯ ಮೊಟ್ಟೆಯಿಂದ ಬರುತ್ತವೆ. ಮರಿಹುಳುವಾಗಿದ್ದಾಗ ಸಿಗುವ ಆಹಾರದಿಂದ ಮಾತ್ರ ಯಾವುದು ರಾಣಿಯಾಗಬೇಕೆಂಬುದು ನಿರ್ಧಾರವಾಗುತ್ತದೆ. ಹೆಚ್ಚು ಅಧ್ಯಯನವಾಗಿರುವ ಯುರೋಪಿನ ಜೇನುನೊಣದಲ್ಲಿ ಬೇಸಿಗೆಯ ಕೆಲಸಗಾರ್ತಿ ಐದಾರು ವಾರ ಬದುಕುತ್ತದೆ. ರಾಣಿ ಎರಡು ಮೂರು ವರ್ಷ, ಕೆಲವೊಮ್ಮೆ ಐದು ವರ್ಷ ಬಾಳುತ್ತದೆ. ಜೀನ್‌ಗಳು ಒಂದೇ ಆಗಿದ್ದರೂ ಆಯಸ್ಸು ಹತ್ತಾರು ಪಟ್ಟು ಬೇರೆ. ಮಕರಂದ ಅರಸಿ ಹೊರಗೆ ಹೋಗುವ ಕೆಲಸಗಾರ್ತಿಗೆ ಅಪಾಯ ಹೆಚ್ಚು. ಗೂಡಿನ ನಡುವೆ ಕಾವಲಿನಲ್ಲಿರುವ ರಾಣಿಗೆ ಕಡಿಮೆ. ಹುತ್ತದ ಆಳದಲ್ಲಿರುವ ಗೆದ್ದಲಿನ ರಾಣಿ ಹತ್ತು ವರ್ಷ ಮೀರಿ ಬದುಕಬಲ್ಲದು. ಪ್ರಯೋಗಾಲಯದಲ್ಲಿ ಸಾಕಿದ ಕಪ್ಪಿರುವೆಯ ರಾಣಿಯೊಂದು 28 ವರ್ಷ ಬದುಕಿದ ದಾಖಲೆಯಿದೆ.

ಜೀವಕೋಶಗಳ ಮಟ್ಟದಲ್ಲಿ

ವಿಕಾಸದ ಒತ್ತಡವು ದೇಹದಲ್ಲಿ ಯಾವ ಬದಲಾವಣೆ ತರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಹುಲಿಯೂ ಸೇರಿದಂತೆ 16 ಸಸ್ತನಿ ಪ್ರಭೇದಗಳ ಕರುಳಿನ ಕೋಶಗಳನ್ನು ಪರೀಕ್ಷಿಸಿತು. ಡಿಎನ್ಎಯಲ್ಲಿ ಸೇರಿಕೊಳ್ಳುವ ಉತ್ಪರಿವರ್ತನೆಗಳು ಇಲಿಯಲ್ಲಿ ವರ್ಷಕ್ಕೆ ಸುಮಾರು 796, ಮನುಷ್ಯನಲ್ಲಿ ಸುಮಾರು 47. ಆಯಸ್ಸಿನಲ್ಲಿ ಈ ಪ್ರಭೇದಗಳ ನಡುವೆ ಸುಮಾರು 30 ಪಟ್ಟು ಅಂತರವಿದ್ದರೂ, ಬದುಕಿನ ಕೊನೆಯಲ್ಲಿ ಸೇರಿರುವ ಒಟ್ಟು ಉತ್ಪರಿವರ್ತನೆಗಳಲ್ಲಿ ಅಂತರ ಸುಮಾರು ಮೂರು ಪಟ್ಟು ಮಾತ್ರ. ದೀರ್ಘಾಯುಗಳ ಕೋಶಗಳಲ್ಲಿ ಹಾನಿ ನಿಧಾನವಾಗಿ ಸೇರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಆದರೆ ಮುಪ್ಪಿಗೆ ಉತ್ಪರಿವರ್ತನೆಯೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ.

ಆನೆಯ ವಿಷಯದಲ್ಲಿ ಒಂದು ಒಗಟು ಬಹುಕಾಲ ಉಳಿದಿತ್ತು. ದೇಹ ದೊಡ್ಡದಾದಷ್ಟೂ ಕೋಶಗಳು ಹೆಚ್ಚು, ಬದುಕು ದೀರ್ಘವಾದಷ್ಟೂ ಕೋಶವಿಭಜನೆ ಹೆಚ್ಚು. ಆದ್ದರಿಂದ ಆನೆಗೆ ಇಲಿಗಿಂತ ಬಹಳ ಹೆಚ್ಚು ಕ್ಯಾನ್ಸರ್ ಬರಬೇಕು. ಹಾಗಾಗುವುದಿಲ್ಲ. 1970ರ ದಶಕದಲ್ಲಿ ಇದನ್ನು ಗುರುತಿಸಿದ ರಿಚರ್ಡ್ ಪೀಟೊ ಹೆಸರಿನಲ್ಲಿ ಇದನ್ನು ಪೀಟೊ ವಿರೋಧಾಭಾಸ ಎನ್ನುತ್ತಾರೆ. 2015–16ರಲ್ಲಿ ಎರಡು ಸಂಶೋಧನಾ ತಂಡಗಳು, ಹಾನಿಗೊಂಡ ಕೋಶಗಳನ್ನು ನಾಶಪಡಿಸಲು ನೆರವಾಗುವ ಟಿಪಿ53 ಎಂಬ ಜೀನ್‌ನ ಸುಮಾರು 20 ಪ್ರತಿಗಳು ಆಫ್ರಿಕಾದ ಆನೆಯಲ್ಲಿವೆ ಎಂದು ವರದಿ ಮಾಡಿದವು. ಮನುಷ್ಯನಲ್ಲಿರುವುದು, ತಂದೆತಾಯಿಯರಿಂದ ಒಂದೊಂದರಂತೆ, ಎರಡು ಪ್ರತಿ.

ಆನೆಯ ಆಯಸ್ಸಿಗೆ ಹಲ್ಲಿನ ಮಿತಿಯೂ ಇದೆ. ದವಡೆಹಲ್ಲುಗಳು ಒಂದರ ಹಿಂದೊಂದರಂತೆ ಜೀವಮಾನದಲ್ಲಿ ಆರು ಸಲ ಮೂಡುತ್ತವೆ. ಆರನೆಯದು ಅರವತ್ತರ ಆಸುಪಾಸಿನಲ್ಲಿ ಸವೆದರೆ ಏಳನೆಯದಿಲ್ಲ. ಆಗ ಬಿದಿರು, ತೊಗಟೆಯಂತಹ ಗಡುಸು ಮೇವನ್ನು ಅರೆಯಲಾಗದೆ ಆನೆ ಸೊರಗುತ್ತದೆ.

ಕಬಿನಿ ತೀರದ ಆನೆಗಳು

ಕಬಿನಿಯ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ಪರಿಚಿತವಾಗಿದ್ದ ಭೋಗೇಶ್ವರ ಎಂಬ ಕಾಡಾನೆಯ ದಂತಗಳು 2.54 ಮೀ ಮತ್ತು 2.34 ಮೀ ಉದ್ದವಿದ್ದವು. 2022ರ ಜೂನ್‌ನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ಅದರ ಮೃತದೇಹ ಸಿಕ್ಕಿತು. ವಯಸ್ಸು ಸುಮಾರು 60 ಎಂದು ಅಂದಾಜಿಸಲಾಯಿತು. ದಂತಕ್ಕಾಗಿ ಗಂಡಾನೆಗಳ ಕಳ್ಳಬೇಟೆ ನಡೆದ ಪ್ರದೇಶದಲ್ಲಿ ಅಂತಹ ದಂತವನ್ನು ಹೊತ್ತು ಸಹಜ ಮರಣದವರೆಗೆ ಬದುಕಿದ್ದು ಅಪರೂಪ.

ಮೈಸೂರು ದಸರೆಯಲ್ಲಿ ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ಮೂರು ಆನೆಗಳ ಸಾವು, ಹೊರಗಿನ ಕಾರಣ ಮತ್ತು ಒಳಗಿನ ಕಾರಣಗಳ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ದ್ರೋಣ 1998ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಬಳಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತಿತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾಗಿ ಬಳ್ಳೆಯಲ್ಲೇ ಬಾಳಿದ ಅರ್ಜುನ, 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗದೊಡನೆ ಕಾದಾಡಿ ಅಸುನೀಗಿತು. ಆಗ ಅದರ ವಯಸ್ಸು ಸುಮಾರು 64. ಅರವತ್ತು ದಾಟಿದ ಆನೆಗೆ ಹೆಚ್ಚಿನ ಭಾರ ಹೊರಿಸಬಾರದೆಂಬ ಕಾರಣದಿಂದ 2020ರಿಂದಲೇ ಅಂಬಾರಿಯು ಅರ್ಜುನನಿಂದ ಅಭಿಮನ್ಯುವಿಗೆ ವರ್ಗವಾಗಿತ್ತು. ಮೂವರಲ್ಲಿ ಬಲರಾಮ ಮಾತ್ರ 2023ರ ಮೇ 7ರಂದು ಹುಣಸೂರಿನ ಭೀಮನಕಟ್ಟೆ ಶಿಬಿರದಲ್ಲಿ, ಸುಮಾರು 67ನೆಯ ವಯಸ್ಸಿನಲ್ಲಿ, ಅನಾರೋಗ್ಯದಿಂದ ಸತ್ತಿತು.

ಸಾಕಣೆ ಆಯಸ್ಸನ್ನು ಹೆಚ್ಚಿಸುತ್ತದೆಯೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸುಮಾರು 50 ಸಸ್ತನಿ ಪ್ರಭೇದಗಳನ್ನು ಹೋಲಿಸಿದ 2016ರ ಅಧ್ಯಯನದಲ್ಲಿ, ಶೇಕಡ 80ಕ್ಕಿಂತ ಹೆಚ್ಚು ಪ್ರಭೇದಗಳು ಕಾಡಿಗಿಂತ ಮೃಗಾಲಯದಲ್ಲೇ ಹೆಚ್ಚು ಕಾಲ ಬದುಕುವುದು ಕಂಡಿತು. ಕಾಡಿನಲ್ಲಿ ಬೇಟೆಯಾಗಿ ಬೇಗ ಸಾಯುವ ಸಣ್ಣ ಪ್ರಾಣಿಗಳಿಗೆ ಲಾಭ ಹೆಚ್ಚು. ಕಾಡಿನಲ್ಲಿಯೂ ನಿರ್ಭಯವಾಗಿರುವ ಆನೆಗೆ ಮೃಗಾಲಯದಿಂದ ನಷ್ಟವೇ. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಹೋಲಿಕೆಯಂತೆ, ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 18.9 ವರ್ಷ, ಮ್ಯಾನ್ಮಾರ್‌ನ ನಾಟಾ ಎಳೆಯುವ ಆನೆಗಳದ್ದು 41.7 ವರ್ಷ. ಅವು ಹಗಲು ದುಡಿದು ರಾತ್ರಿ ಕಾಡಿನಲ್ಲಿ ಮೇಯುವ ಆನೆಗಳು.

ಸಂರಕ್ಷಣೆಯಲ್ಲಿ ಇದರ ಮಹತ್ವ

ಆಯಸ್ಸಿನ ಭೇದವು ಪ್ರಾಣಿಗಳ ಸಂಖ್ಯೆಯ ಏರಿಳಿತವನ್ನು ನಿರ್ಧರಿಸುತ್ತದೆ. ಕೆ. ಉಲ್ಲಾಸ ಕಾರಂತ ಮತ್ತು ಸಹೋದ್ಯೋಗಿಗಳು 1991ರಿಂದ 2000ದವರೆಗೆ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಯ ಪಟ್ಟೆಗಳಿಂದ ಪ್ರತಿ ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಹುಲಿ ಉಳಿಯುವ ಸಂಭವ ಸುಮಾರು 0.77. ಈ ಪ್ರಮಾಣವೇ ಮುಂದುವರಿದರೆ 100 ಹುಲಿಗಳಲ್ಲಿ ಹತ್ತು ವರ್ಷಗಳ ಬಳಿಕ ಅಲ್ಲಿ ಉಳಿಯುವುದು ಏಳು. ಸತ್ತವುಗಳ ಜೊತೆಗೆ ಶಾಶ್ವತವಾಗಿ ಬೇರೆಡೆಗೆ ಹೋದವುಗಳೂ ಈ ನಷ್ಟದಲ್ಲಿ ಸೇರಿವೆ. ಹೀಗಿದ್ದರೂ ಆ ವರ್ಷಗಳಲ್ಲಿ ನಾಗರಹೊಳೆಯ ಹುಲಿಗಳ ಸಂಖ್ಯೆ ಕುಸಿಯಲಿಲ್ಲ, ವರ್ಷಕ್ಕೆ ಸರಾಸರಿ ಶೇಕಡ 3ರಷ್ಟು ಏರಿಕೆಯನ್ನೇ ಅಂದಾಜಿಸಲಾಯಿತು. ಹೆಣ್ಣುಹುಲಿ ಮೂರು ನಾಲ್ಕು ವರ್ಷಕ್ಕೆ ಮರಿ ಹಾಕಲು ತೊಡಗುತ್ತದೆ, ಗರ್ಭಾವಧಿ ಮೂರೂವರೆ ತಿಂಗಳು, ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಜಿಂಕೆ, ಕಾಟಿಗಳು ಸಾಕಷ್ಟಿದ್ದರೆ ಖಾಲಿಯಾದ ಜಾಗ ತುಂಬುತ್ತದೆ.

ಆನೆಗಳಲ್ಲಿ ಹಾಗಾಗುವುದಿಲ್ಲ. ಹೆಣ್ಣಾನೆ ಮೊದಲ ಮರಿ ಹಾಕುವುದು ಸಾಮಾನ್ಯವಾಗಿ 15 ವರ್ಷ ದಾಟಿದ ಮೇಲೆ. ಗರ್ಭಾವಧಿ 18ರಿಂದ 22 ತಿಂಗಳು, ಒಂದು ಸಲಕ್ಕೆ ಒಂದೇ ಮರಿ, ಎರಡು ಮರಿಗಳ ನಡುವೆ ನಾಲ್ಕೈದು ವರ್ಷ. ಪ್ರಾಯಕ್ಕೆ ಬಂದ ಆನೆ ಸುಲಭವಾಗಿ ಸಾಯುವುದಿಲ್ಲ ಎಂಬ ಪರಿಸ್ಥಿತಿಯಲ್ಲಿ ರೂಪುಗೊಂಡ ಬದುಕಿನ ಕ್ರಮವಿದು. ಜಮೀನಿನ ಬೇಲಿಗೆ ಅಕ್ರಮವಾಗಿ ಹರಿಸಿದ ವಿದ್ಯುತ್, ಜೋತುಬಿದ್ದ ತಂತಿ, ಗುಂಡು ಇವು ಆ ಲೆಕ್ಕದಲ್ಲಿ ಇರಲೇ ಇಲ್ಲ. ಇಪ್ಪತ್ತೈದು ವರ್ಷದ ಹೆಣ್ಣಾನೆಯೊಂದು ತಂತಿಗೆ ತಗುಲಿ ಸತ್ತರೆ, ಮುಂದಿನ ಮೂರು ದಶಕಗಳಲ್ಲಿ ಅದು ಹಾಕಬಹುದಾಗಿದ್ದ ಆರೇಳು ಮರಿಗಳೂ ಇಲ್ಲವಾಗುತ್ತವೆ. ಅದೇ ದಿನ ಹುಟ್ಟಿದ ಹೆಣ್ಣುಮರಿಯೊಂದು ಆ ಜಾಗಕ್ಕೆ ಬರಲು ಹದಿನೈದು ವರ್ಷ ಬೇಕು.